ಗುಡ್ಡದ ಬೇರು

ಪಕ್ಕದ ಮನೆಯಲ್ಲಿ ನೆಲಕ್ಕೆ ಕಲ್ಲು ಹಾಸುತ್ತಿದ್ದಾರೆ. ಬೆಳಗಿನಿಂದ ಕೊಯ್ಯುವ ಯಂತ್ರದ ಕಿರ್ರೆನ್ನುವ ಸದ್ದು. ಅದರ ಬೆನ್ನಿಗೇ ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ಒಂದು ವಾಸನೆ. ಕೊಪ್ಪಳದಲ್ಲಿ ಇದೇನೂ ಹೊಸದಲ್ಲ, ಯಾರಾದರೊಬ್ಬರು ಯಾವಾಗಲೂ ಮನೆ ಕಟ್ಟಿಸುತ್ತಲೇ ಇರುತ್ತಾರೆ. ಇಂಥ ಹೊತ್ತಿನಲ್ಲಿ ನೀವಾದರೆ ಒಣಗಹಾಕಿದ ಬಟ್ಟೆ ಒಳಗೆ ತಂದು, ದೂಳು ಬರದಂತೆ ಕಿಟಕಿ ಮುಚ್ಚುತ್ತೀರಿ. ನಾನೂ ಬಟ್ಟೆ ತಂದೆ. ಕಿಟಕಿ ಮಾತ್ರ ಮುಚ್ಚಲಿಲ್ಲ. ಕೆಲವರಿಗೆ ಮಲ್ಲಿಗೆಯ ವಾಸನೆ ಸೇರುತ್ತದೆ, ಕೆಲವರಿಗೆ ಹೊಸ ಪುಸ್ತಕದ್ದು. ನನಗೆ ಏಟು ತಿಂದ ಕಲ್ಲಿನದು. ಇದಕ್ಕೆ ಕಾರಣ ನನ್ನ ನಾದಿನಿ ಶಶಿಕಲಾ. ಅವಳಿಗಿಂತ ಹೆಚ್ಚಾಗಿ ಅವಳ ತಾಯಿ, ಅಂದರೆ ನನ್ನ ಅತ್ತೆ.

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಕುಷ್ಟಗಿಯ ಮನೆಯೊಂದಕ್ಕೆ ಸೊಸೆಯಾಗಿ ಬಂದೆ. ಹೊಸ ಪದವಿಗೆ ಒಗ್ಗಿಕೊಳ್ಳಲು ಇಬ್ಬರಿಗೂ ಸ್ವಲ್ಪ ಕಾಲ ಹಿಡಿಯಿತು. ನನ್ನ ತವರು ನವಲಿ, ಭತ್ತದ ಸೀಮೆ. ಕಣ್ಣು ಬಿಟ್ಟರೆ ಹಸಿರು, ಕಿವಿ ಕೊಟ್ಟರೆ ಕಾಲುವೆ. ಕುಷ್ಟಗಿಯಲ್ಲಿ ಎಳ್ಳಷ್ಟು ಮಳೆ ಬಂದರೂ ಜನ ಹೊರಗೆ ಬಂದು ಮುಗಿಲು ನೋಡುತ್ತಾರೆ. ಗಂಡ ಗಂಗಾವತಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಮಾವ ಸಾಲಿ ಮಾಸ್ತರರು, ಊರಿಗೆಲ್ಲ ಬುದ್ಧಿ ಹೇಳುವ ದನಿ. ಅತ್ತೆಗೆ ದನಿಯೇ ಇಲ್ಲವೇನೋ ಎಂದು ಮೊದಲ ತಿಂಗಳು ನನಗೆ ಅನ್ನಿಸಿತ್ತು. ನಾನು ಬಡಿದ ಜೋಳದ ರೊಟ್ಟಿಗಳು ಹಂಚಿಗೆ ಹೋಗುವ ಮೊದಲೇ ಹರಿದು ನಾಲ್ಕು ದಿಕ್ಕಿಗೂ ಕೈಚಾಚುತ್ತಿದ್ದವು. ಅತ್ತೆ ಏನೂ ಅನ್ನುತ್ತಿರಲಿಲ್ಲ. ಹರಿದವನ್ನೆಲ್ಲ ತಮ್ಮ ತಾಟಿಗೆ ಹಾಕಿಕೊಂಡು, ತಾವು ಮಾಡಿದ ದುಂಡನೆಯವನ್ನು ನನ್ನ ಕಡೆ ಸರಿಸುತ್ತಿದ್ದರು.

ಮರುವರ್ಷದ ಚಳಿಗಾಲದಲ್ಲಿ ಧಾರವಾಡದಿಂದ ಶಶಿ ಬಂದಳು. ಎಂ.ಎಸ್ಸಿ. ಓದುತ್ತಿದ್ದಳು, ವಿಷಯ ಭೂವಿಜ್ಞಾನ. ಹೆಗಲಿಗೊಂದು ಚೀಲ, ಚೀಲದಲ್ಲಿ ಒಂದು ಕಡೆ ಚೂಪಾದ ಸುತ್ತಿಗೆ, ಗಡಿಯಾರದಂಥ ದಿಕ್ಸೂಚಿ, ಒಂದು ಭೂತಗನ್ನಡಿ. ಕೊನೆಯ ವರ್ಷದ ಹುಡುಗರು ಒಂದೊಂದು ಸೀಮೆ ಹಿಡಿದು, ಅಲ್ಲಿನ ಕಲ್ಲುಗಳನ್ನೆಲ್ಲ ನೋಡಿ ನಕ್ಷೆ ಮಾಡಿ ಕೊಡಬೇಕಂತೆ. ಮನೆಯಿಂದ ಓಡಾಡಬಹುದು ಎಂದು ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹಬ್ಬಿದ ಗುಡ್ಡಗಳನ್ನು ಅವಳು ಕೇಳಿ ಪಡೆದಿದ್ದಳು. ಮಾವ ಆಗಲೇ ಯಲಬುರ್ಗಾ ಕಡೆಯ ಒಂದು ಸಂಬಂಧ ನೋಡಿದ್ದರು. ಪರೀಕ್ಷೆ ಮುಗಿದ ಕೂಡಲೇ ಅಕ್ಕಿಕಾಳು ಹಾಕಿ ಮದುವೆ ಮುಗಿಸುವ ಮಾತಾಗಿತ್ತು.

"ಒಬ್ಬಾಕಿನಽ ಗುಡ್ಡ ತಿರುಗೂದು ಬ್ಯಾಡ," ಅಂದರು ಮಾವ. "ನಿಮ್ಮ ವೈನಿನ್ನ ಕರ್ಕೊಂಡು ಹೋಗು. ಲಗ್ನ ಆದಾಕಿ ಜೋಡಿಗಿದ್ರ ಯಾರೂ ಏನೂ ಅನ್ನಂಗಿಲ್ಲ."

ಹೀಗೆ ನಾನು ವಿಜ್ಞಾನದ ಸೇವೆಗೆ ಸೇರಿದೆ. ಪಿಯುಸಿಯಲ್ಲಿ ನನ್ನದು ಕಲಾ ವಿಭಾಗ. ಕಲ್ಲಿನ ಕೆಲಸಕ್ಕೆ ನನಗಿದ್ದ ಒಂದೇ ಅರ್ಹತೆ ಮದುವೆಯಾಗಿರುವುದು.

ಅವತ್ತು ಸಂಜೆ ಪಡಸಾಲೆಯಲ್ಲಿ, ನಾನು ಹೊದ್ದುಕೊಳ್ಳುವ ಕೌದಿಯನ್ನೇ ನೆಲಕ್ಕೆ ಹಾಸಿ ಶಶಿ ನನಗೆ ಪಾಠ ಸುರುಮಾಡಿದಳು. ಅತ್ತೆ ಗೋಡೆಗೊರಗಿ ಜೋಳ ಹಸನು ಮಾಡುತ್ತಿದ್ದರು.

"ನೋಡ್ರಿ ವೈನಿ, ಇದು ಸಮುದ್ರದ ತಳ ಅಂತ ತಿಳ್ಕೋರ್ರಿ. ಕೆಸರು, ಉಸುಕು, ಬೆಂಕಿ ರಾಡಿ, ಎಲ್ಲಾ ಪದರ ಪದರ ಕುಂತಾವು." ಎರಡೂ ಅಂಗೈಗಳಿಂದ ಎರಡು ಕಡೆಯಿಂದ ಕೌದಿಯನ್ನು ಒತ್ತಿದಳು. ನಡುವೆ ಅದು ಮಡಿಕೆ ಮಡಿಕೆಯಾಗಿ ಎದ್ದು ನಿಂತಿತು. "ಆತು. ಇದಽ ಗುಡ್ಡ."

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ಒತ್ತೋರು ಯಾರು?" ಎಂದರು.

ಶಶಿ ಒಂದು ಕ್ಷಣ ತಾಯಿಯನ್ನೇ ನೋಡಿದಳು. ಮನೆಯಲ್ಲಿ ಅವಳ ವಿದ್ಯೆಯ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದಿರಬೇಕು. "ನೆಲಾನಽ ಯವ್ವಾ. ನಾವು ನಿಂತ ನೆಲ ಒಂದಽ ತುಂಡಲ್ಲ. ದೊಡ್ಡ ದೊಡ್ಡ ಹಲಗಿ ಇದ್ದಂಗ ಅದಾವು. ಒಳಗಿನ ಕಾವಿಗೆ ಸಾವಕಾಶ ಸರೀತಾವು. ಉಗುರು ಬೆಳೀತಾವಲ್ಲ, ಅಷ್ಟು ಸಾವಕಾಶ. ಎರಡು ಹಲಗಿ ಎದುರಾಬದುರು ಬಂದ್ರ ನಡಕಿಂದು ಎಲ್ಲಿಗೆ ಹೋಗಬೇಕು? ಒಂದಿಷ್ಟು ಮಡಚಿಕೋತ ಮ್ಯಾಲೆ ಬರತೈತಿ, ಒಂದಿಷ್ಟು ಕೆಳಗ ಹೋಗಿ ಬೇಯತೈತಿ."

"ಕರಗತೈತೇನು?" ನನ್ನ ಪ್ರಶ್ನೆ.

"ಕೆಲವು ಕಡೆ ಕರಗತೈತಿ. ಗಂಗಾವತಿ ಕಡೆ ದೊಡ್ಡ ದೊಡ್ಡ ಗುಂಡು ನೋಡೀರಲ್ಲ, ಅವು ಹಂಗ ಕರಗಿ ಒಳಗಽ ಆರಿದ್ದು. ಆದ್ರ ಎಲ್ಲಾ ಕರಗಂಗಿಲ್ರಿ. ರೊಟ್ಟಿ ಹಂಚಿನ ಮ್ಯಾಲೆ ಕರಗತೈತೇನು? ಬೇಯತೈತಿ. ಒಮ್ಮೆ ಬೆಂದ್ರ ಮತ್ತ ಹಿಟ್ಟಾಗಂಗಿಲ್ಲ. ಕಾವು, ಭಾರ ಎರಡೂ ಬಿದ್ದು ಕೆಸರಿನ ಕಲ್ಲು ಬ್ಯಾರೇನಽ ಕಲ್ಲಾಗತೈತಿ. ರೂಪಾಂತರ ಅಂತಾರ ಅದಕ್ಕ."

ನಾನು ನಿಟ್ಟುಸಿರು ಬಿಟ್ಟೆ. "ಕಾವು, ಭಾರ ಎರಡೂ ಅಂದ್ರ ನನ್ನ ಗತೀನಽ ಅನ್ನು."

"ವೈನಿ, ಕಲ್ಲಿಗೆ ಕಲ್ಲು ಅನ್ರಿ. ಅದರಾಗ ನಿಮ್ಮ ಸಂಸಾರ ತರಬ್ಯಾಡ್ರಿ."

ಅತ್ತೆ ಮೊರ ಕೊಡವುತ್ತ ಮುಸಿಮುಸಿ ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ನಮ್ಮ ತಿರುಗಾಟ ಸುರುವಾಯಿತು. ಬಸ್ಸು ಇಳಿದು ಹೊಲದ ಬದುವಿನ ಮೇಲೆ ನಡೆದು ಗುಡ್ಡ ಹತ್ತುವುದು. ಆ ಗುಡ್ಡಗಳನ್ನು ನೀವು ಕಂಡಿದ್ದರೂ ನೆನಪಿಟ್ಟುಕೊಂಡಿರಲಾರಿರಿ. ಗಿಡ್ಡ, ಕಪ್ಪು, ಮುಳ್ಳುಕಂಟಿ. ಮಲಗಿದ ಎಮ್ಮೆಗಳ ಬೆನ್ನಿನಂಥವು. ಕಲ್ಲು ಒಡೆದರೆ ಮಾತ್ರ ಒಳಗೆ ಗಾಢ ಹಸಿರು. ಕೆಲವು ಹಾಳೆ ಹಾಳೆಯಾಗಿ ಸುಲಿಯುತ್ತಿದ್ದವು, ಬಿಸಿಲಿಗೆ ಹಿಡಿದರೆ ಮಿಣಮಿಣ ಹೊಳೆಯುತ್ತಿದ್ದವು. ಶಶಿ ಬಂಡೆಗೆ ದಿಕ್ಸೂಚಿ ಒತ್ತಿಹಿಡಿದು ಪದರ ಯಾವ ದಿಕ್ಕಿಗೆ ವಾಲಿದೆ ಎಂದು ನೋಡಿ ನಕ್ಷೆಯಲ್ಲಿ ಗೆರೆ ಎಳೆಯುತ್ತಿದ್ದಳು. ಗಾಳಿಗೆ ನಕ್ಷೆ ಹಾರದಂತೆ ಅದರ ಮೇಲೆ ಕೂತುಕೊಳ್ಳುವುದು ನನ್ನ ಕೆಲಸ. ಮಧ್ಯಾಹ್ನ ಜಾಲಿ ನೆರಳಲ್ಲಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ರೊಟ್ಟಿ ಆಗಲೂ ನನ್ನವೇ. ಆದರೆ ಗುಡ್ಡದ ಮೇಲೆ ಅವುಗಳ ಆಕಾರವನ್ನು ಯಾರೂ ಕೇಳುತ್ತಿರಲಿಲ್ಲ.

"ಅಷ್ಟು ದೊಡ್ಡ ಗುಡ್ಡ ಇತ್ತಂತಿ," ಎಂದು ಒಂದು ದಿನ ಕೇಳಿದೆ, "ಎಲ್ಲಿ ಹೋತು ಮತ್ತ?"

"ಸವೀತ್ರಿ. ಮಳಿ, ಗಾಳಿ, ಬಿಸಲು. ಇನ್ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು. ಮ್ಯಾಲಿಂದು ಸವದಂಗ ಸವದಂಗ ಕೆಳಗಿಂದು ಹಗುರಾಗಿ ಮ್ಯಾಲೆ ಬರತೈತಿ. ನಾವೀಗ ಕುಂತು ರೊಟ್ಟಿ ತಿನ್ನಾಕತ್ತಿದ್ದು ಆ ಗುಡ್ಡದ ಬೇರಿನ ಮ್ಯಾಲೆ."

ನನಗೆ ಆನೆಗೊಂದಿಯ ಹೊಳೆ ನೆನಪಾಯಿತು. ಜನ ತುಂಬಿದ ಹರಿಗೋಲು ನೀರಿನಲ್ಲಿ ಅಂಚಿನವರೆಗೆ ಮುಳುಗಿರುತ್ತದೆ. ಆಚೆ ದಡದಲ್ಲಿ ಒಬ್ಬೊಬ್ಬರಾಗಿ ಇಳಿದಂತೆ ತಾನಾಗಿ ಮೇಲೇಳುತ್ತದೆ. ಹೇಳಿದೆ. "ಹಂಗಽ ರೀ ವೈನಿ, ಹಂಗಽ!" ಎಂದು ಶಶಿ ನನ್ನ ತೊಡೆಗೆ ಬಾರಿಸಿದಳು. ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಹೀಗಿರುವಾಗ ಒಂದು ಹಳ್ಳಿಯ ಹಿಂದಿನ ಗುಡ್ಡಕ್ಕೆ ಹೋದೆವು. ಶಶಿಯ ನಕ್ಷೆಯ ನಟ್ಟನಡುವೆ ಬರುವ ಗುಡ್ಡ ಅದು. ಅಲ್ಲೊಂದು ಹೊಳೆಯುವ ಬಂಡೆ ಒಡೆದಾಗ ಒಳಗೆ ದಾಳಿಂಬೆ ಬೀಜದಂಥ ಕೆಂಪು ಕಾಳುಗಳು ಕಂಡವು. ಶಶಿ ಕುಣಿದೇಬಿಟ್ಟಳು. ಕೆಸರಿನ ಕಲ್ಲು ಎಷ್ಟು ಆಳಕ್ಕೆ ಹೋಗಿ ಎಷ್ಟು ಬೆಂದಿತ್ತು ಎಂಬುದನ್ನು ಆ ಕಾಳುಗಳಿಂದ ಲೆಕ್ಕ ಹಾಕಬಹುದಂತೆ. ಅಲ್ಲೇ ಆಡು ಕಾಯುತ್ತಿದ್ದ ಮುದುಕಿಯೊಬ್ಬಳು ಬಂದು ಬಗ್ಗಿ ನೋಡಿ, ಮಾತಾಡದೆ ಊರ ಕಡೆ ಇಳಿದುಹೋದಳು. ಆಡುಗಳನ್ನು ಅಲ್ಲೇ ಬಿಟ್ಟು ಹೋದಾಗಲೇ ನಮಗೆ ಹೊಳೆಯಬೇಕಿತ್ತು.

ಸ್ವಲ್ಪ ಹೊತ್ತಿಗೆ ಊರಿನ ಹತ್ತೆಂಟು ಮಂದಿ ನಮ್ಮ ಸುತ್ತ ನಿಂತಿದ್ದರು. ಮುಂದೆ ಹನಮಗೌಡ್ರು ಎಂಬ ಹಿರಿಯರು. ಗುಡ್ಡದ ನೆತ್ತಿಯ ಮೇಲೆ ಊರದೇವತೆ ಕರೆವ್ವನ ಕುಂಕುಮ ಮೆತ್ತಿದ ಕಲ್ಲಿತ್ತು. ನಾವು ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಆದರೆ ಗುಡ್ಡವೆಲ್ಲ ಅವಳದೇ ಎಂಬುದು ನಮಗೆ ಗೊತ್ತಿರಲಿಲ್ಲ.

"ಏನವಾ, ಹರಳು ಒಯ್ಯಾಕತ್ತೀರೇನು?" ಗೌಡ್ರು ಕೇಳಿದರು.

"ಇವಕ್ಕ ಬೆಲಿ ಇಲ್ರಿ ಅಜ್ಜಾರ. ಓದಾಕ ಬೇಕಾಗ್ಯಾವು."

"ಬೆಲಿ ಇಲ್ಲದ್ದನ್ನ ಕುಷ್ಟಗಿಯಿಂದ ಬಂದು ಯಾಕ ಒಡೀತೀರಿ?" ಎಂದ ಇನ್ನೊಬ್ಬ.

ತೀರ ನ್ಯಾಯವಾದ ಪ್ರಶ್ನೆ. ಒಂದೇ ಮಾತಿನಲ್ಲಿ ಉತ್ತರ ಕೊಡಿ ಎಂದರೆ ನಾನು ಇವತ್ತಿಗೂ ಕೊಡಲಾರೆ. ಶಶಿ ಗಡಿಬಿಡಿಯಲ್ಲಿ ಪುಸ್ತಕದ ಮಾತುಗಳನ್ನು ಆಡಿದಳು. ಅವು ಸುಳ್ಳಿನ ಹಾಗೆ ಕೇಳಿಸಿದವು. ಹಿಂದಿನಿಂದ ಯಾರೋ "ಕಳ್ಳಿಯರು" ಅಂದರು. ಗೌಡ್ರು ಬೈಯಲಿಲ್ಲ, ಹೊಡೆಯಲಿಲ್ಲ. ಸುತ್ತಿಗೆಯನ್ನೂ ಕಲ್ಲಿನ ಚೀಲವನ್ನೂ ಇಸಿದುಕೊಂಡು, "ನಿಮ್ಮ ಹಿರೇರನ್ನ ಕಳಸ್ರಿ, ಅವರ ಕೈಯಾಗ ಕೊಡ್ತೀನಿ" ಎಂದರು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಾವ ಅಂಗಳದಲ್ಲೇ ನಿಂತಿದ್ದರು. "ಸಾಕಿನ್ನ. ಆ ಗುಡ್ಡ ಬಿಟ್ಟು ಉಳಿದದ್ದು ಬರಿ. ಯಲಬುರ್ಗಾದವರ ಕಿವಿಗೆ ಬಿದ್ರ ಏನು ಹೇಳ್ಲಿ?"

"ಅದು ಬಿಟ್ರ ನಡುವ ತೂತು ಉಳೀತೈತಿ ಅಪ್ಪಾ."

"ಉಳೀಲಿ!"

ಶಶಿ ಅಳಲಿಲ್ಲ. ನಕ್ಷೆಯನ್ನು ಸುರುಳಿ ಸುತ್ತಿ ಮೂಲೆಗಿಟ್ಟು ಕೈಕಾಲು ತೊಳೆಯಲು ಹೋದಳು. ಅವಳು ಅತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಊರು ಯಾವುದು ಎಂದು ಕೇಳಿದರು. ಹೇಳಿದೆ. ಅವರ ಕೈ ಹಿಟ್ಟಿನಲ್ಲೇ ನಿಂತಿತು.

"ಅದು ನಮ್ಮೂರವಾ," ಅಂದರು. "ನಾ ಹುಟ್ಟಿದೂರು."

ಅತ್ತೆಯ ತಂದೆತಾಯಿ ತೀರಿದ ಮೇಲೆ, ಶಶಿ ಹುಟ್ಟುವ ಮೊದಲೇ, ಅಣ್ಣತಮ್ಮಂದಿರು ಹೊಲ ಮಾರಿ ಕಾಲುವೆ ಕಡೆ ಹೋಗಿ ನೆಲೆಸಿದ್ದರಂತೆ. ಅಲ್ಲಿಂದೀಚೆ ಅತ್ತೆ ಆ ಊರಿಗೆ ಕಾಲಿಟ್ಟಿರಲಿಲ್ಲ. ಕರೆಯುವವರಿಲ್ಲದ ತವರಿಗೆ ಯಾರು ಹೋಗುತ್ತಾರೆ? ಆ ಊರಿನ ಹೆಸರನ್ನೇ ನಾನಾಗಲಿ ಶಶಿಯಾಗಲಿ ಅವರ ಬಾಯಲ್ಲಿ ಕೇಳಿರಲಿಲ್ಲ.

ಮರುದಿನ ಮಾವ ಸಾಲೆಗೆ ಹೋದ ಮೇಲೆ ಅತ್ತೆ ಇಳಕಲ್ ಸೀರೆ ಉಟ್ಟು ನಿಂತಿದ್ದರು. "ನಡೀರಿ," ಎಂದರು. ಬಸ್ಸಿನಲ್ಲಿ ಶಶಿ, "ಯವ್ವಾ, ಅಪ್ಪಗ ಗೊತ್ತಾದ್ರ?" ಎಂದಳು. ಅತ್ತೆ ಕಿಟಕಿಯ ಹೊರಗೇ ನೋಡುತ್ತ ಹೇಳಿದರು: "ನಾ ಹುಟ್ಟಿದ ಊರಾಗ ನನ್ನ ಮಗಳಿಗೆ ಕಳ್ಳಿ ಅಂದಾರ. ಅದನ್ನ ಅಲ್ಲೇ ಬಿಟ್ಟು ನಾ ಹ್ಯಾಂಗ ಉಣ್ಣಲಿ?"

ಕಟ್ಟೆಯ ಮೇಲೆ ಹನಮಗೌಡ್ರು ಕೂತಿದ್ದರು. ಅತ್ತೆ ನೆಟ್ಟಗೆ ಹೋಗಿ ಕಟ್ಟೆಯ ಕೆಳಗೆ ನಿಂತು ಸೆರಗು ಸರಿಮಾಡಿಕೊಂಡರು. ಗೌಡ್ರು ಕಣ್ಣು ಕಿರಿದು ಮಾಡಿ ನೋಡಿದರು.

"ಯಾರವಾ ನೀ? ಸಂಗಪ್ಪನ ಮಗಳು ಗೌರವ್ವ ಅಲ್ಲೇನು?"

"ಹೌದ್ರಿ ಕಾಕಾ. ನಿನ್ನೆ ನೀವು ಸುತ್ತಿಗಿ ಇಸಕೊಂಡದ್ದು ನನ್ನ ಮಗಳ ಕಡಿಂದ."

ಯಾರೋ ಎದ್ದು ಜಾಗ ಬಿಟ್ಟರು. ಅತ್ತೆ ಕೂರಲಿಲ್ಲ.

"ಸುತ್ತಿಗಿ ಆಮ್ಯಾಲೆ ಕೊಡ್ರಿ. ಮೊದಲ ಆಕಿ ಏನು ಮಾಡಾಕತ್ಯಾಳ ಕೇಳ್ರಿ. ಕೇಳಿ ನೀವಽ ತೀರ್ಮಾನ ಮಾಡ್ರಿ." ಮಗಳ ಕಡೆ ತಿರುಗಿ, "ನನಗ ಹೇಳಿದಿಯಲ್ಲ ಕೌದಿ ಹಾಸಿ, ಹಂಗ ಹೇಳು. ಪುಸ್ತಕದಂಗ ಬ್ಯಾಡ."

ಶಶಿ ಸುತ್ತ ನೋಡಿದಳು, ಹಾಸಲು ಏನೂ ಇರಲಿಲ್ಲ. ಒಬ್ಬರು ಹೆಗಲ ಮೇಲಿನ ಕಂಬಳಿ ಕೊಟ್ಟರು. ಅದನ್ನು ಕಟ್ಟೆಯ ಮೇಲೆ ಹಾಸಿ ಒತ್ತಿದಳು. ಇಲ್ಲಿ ಸಮುದ್ರವಿತ್ತು ಎಂದಳು; ಅದರ ತಳದಲ್ಲಿ ಬೆಂಕಿ ರಾಡಿ ಉಕ್ಕಿ, ನೀರು ತಾಗಿ ದಿಂಬು ದಿಂಬಾಗಿ ಆರಿತು; ನೆಲ ನೆಲವನ್ನು ಒತ್ತಿತು; ಗುಡ್ಡ ಎದ್ದಿತು, ಮುಗಿಲು ಮುಟ್ಟುವಂಥ ಗುಡ್ಡ.

"ತಡಿ ಯವ್ವಾ," ಎಂದ ಒಬ್ಬಾತ. "ನಮ್ಮೂರಾಗ ಸಮುದ್ರ ಇತ್ತಾ?"

"ಇತ್ರಿ."

"ಅಷ್ಟು ನೀರು ಇದ್ದೂರಾಗ ಈಗ ಒಂದು ಕೊಡಾ ನೀರಿಗೆ ಮೈಲಿ ನಡೀತೇವಲ್ಲಾ!"

ಕಟ್ಟೆಯೆಲ್ಲ ನಕ್ಕಿತು. ಶಶಿಯೂ ನಕ್ಕಳು, ನಗುತ್ತಲೇ ಮುಂದುವರಿಸಿದಳು. ಕೆಂಪು ಕಾಳಿನ ಕಲ್ಲು ಆ ಗುಡ್ಡದ ಹೊಟ್ಟೆಯಲ್ಲಿ ಬೆಂದದ್ದು, ಅದನ್ನು ನೋಡಿದರೆ ಗುಡ್ಡ ಹೇಗಿತ್ತೆಂದು ತಿಳಿಯುತ್ತದೆ, ಅಷ್ಟಕ್ಕೇ ತನಗೆ ಬೇಕು ಎಂದಳು. ಗೌಡ್ರು ಬಹಳ ಹೊತ್ತು ಗುಡ್ಡದ ಕಡೆ ನೋಡಿದರು. ಹುಟ್ಟಿದಾಗಿನಿಂದ ನೋಡುತ್ತಿದ್ದ ಗುಡ್ಡ.

"ಕರೆವ್ವಗ ಇದೆಲ್ಲ ಗೊತ್ತಿರಬೇಕು," ಎಂದರು ಕೊನೆಗೆ. "ನಮಗ ಹೇಳಿರಲಿಲ್ಲ. ನೋಡವಾ, ನೆತ್ತಿ ಮ್ಯಾಲಿನ ಕಲ್ಲು ಮುಟ್ಟಬ್ಯಾಡ. ಉಳಿದದ್ದು ನೋಡ್ಕೋ. ಆದ್ರ ಬರೂ ಮುಂದ ಒಂದು ಮಾತು ಕೇಳಿ ಬರಬೇಕಿತ್ತು."

"ತಪ್ಪಾತ್ರಿ ಅಜ್ಜಾರ," ಎಂದಳು ಶಶಿ. ಸುತ್ತಿಗೆ ಬಂತು, ಚಹಾ ಬಂತು. ಆಮೇಲೆ ಗೌಡ್ರೇ ತಮ್ಮ ಹೊಲದ ಬಾವಿಗೆ ಕರೆದೊಯ್ದರು. ಮದ್ದು ಇಟ್ಟು ಒಡೆಸಿದ ದೊಡ್ಡ ಬಾವಿ, ಇಳಿಯಲು ಮೆಟ್ಟಿಲು, ತಳದಲ್ಲಿ ತುಸುವೇ ನೀರು. ಬಾವಿಯ ಗೋಡೆಯಲ್ಲಿ ಕಪ್ಪು ಬಿಳಿ ಪದರಗಳು ಬಾಗಿ, ತಿರುಗಿ, ಒಂದರ ಮೇಲೊಂದು ಮಡಚಿಕೊಂಡಿದ್ದವು. ಮೇಲೆ ಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು ತುಣುಕಾಗಿ ಕಂಡದ್ದು ಇಲ್ಲಿ ಒಂದೇ ನೋಟಕ್ಕೆ ಬಿಚ್ಚಿಕೊಂಡಿತ್ತು. ಶಶಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಅತ್ತೆ ಗೋಡೆಗೆ ಹತ್ತಿರ ಹೋಗಿ, ಒಂದು ಮಡಿಕೆಯ ಮೇಲೆ ಬೆರಳಿಟ್ಟು, ಅದು ಹೋದ ದಾರಿಯಲ್ಲೇ ಬೆರಳನ್ನು ಒಯ್ದರು. ಮೇಲೆ, ಕೆಳಗೆ, ಮತ್ತೆ ಮೇಲೆ.

"ಈ ಬಾವ್ಯಾಗ ನಾ ನೀರು ಸೇದೀನಿ," ಅಂದರು. "ಗ್ವಾಡಿ ನೋಡೇ ಇದ್ದಿಲ್ಲ."

ಮುಂದಿನ ಭಾನುವಾರ ಯಲಬುರ್ಗಾದವರು ಬಂದರು. ಹುಡುಗನ ತಾಯಿ ಚುರುಮುರಿಯ ತಾಟು ಕೈಯಲ್ಲಿ ಹಿಡಿದೇ ಸುರುಮಾಡಿದರು. "ಹುಡುಗಿ ಗುಡ್ಡಾ ತಿರುಗತಾಳಂತ ಕೇಳಿದ್ವಿ. ಇಲ್ಲೀತನಕ ಆದದ್ದಾತು. ನಾಳಿಂದ ಅದೆಲ್ಲಾ ಬಂದ್ ಆಗಬೇಕು ನೋಡ್ರಿ. ಪರೀಕ್ಷಾ ಆದ್ರೇನು, ಬಿಟ್ರೇನು."

ಮಾವ ಗಂಟಲು ಸರಿಮಾಡಿಕೊಂಡರು. ಆದರೆ ಮಾತು ಬಂದದ್ದು ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತ ಅತ್ತೆಯಿಂದ. "ನಮ್ಮ ಹುಡುಗಿಗೆ ಅರ್ಧಾ ಕೆಲಸ ಬಿಟ್ಟು ಗೊತ್ತಿಲ್ರಿ. ನಕಾಶಿ ಮುಗಿಯೂತನಕ ತಡೀರಿ. ಮುಂದ ನೌಕರಿ ಸಿಕ್ರ ಅದನ್ನೂ ಮಾಡ್ತಾಳ. ಅದು ಆಗಂಗಿಲ್ಲಂದ್ರ ಬ್ಯಾಸರಿಲ್ಲ, ಚಾ ಕುಡದು ಹೋಗ್ರಿ."

ಅವರು ಚಹಾ ಕುಡಿದು ಹೋದರು. ಮತ್ತೆ ಬರಲಿಲ್ಲ. ಮಾವ ಬಹಳ ದಿನ ಅತ್ತೆಯೊಡನೆ ಮಾತು ಬಿಟ್ಟರು. ಬೇಕಾದದ್ದನ್ನೆಲ್ಲ ನನ್ನ ಮೂಲಕ ಕೇಳುತ್ತಿದ್ದರು: "ಅಂಗಿ ಎಲ್ಲೈತಿ ಅಂತ ಕೇಳವಾ." ಅತ್ತೆ ಎದುರಿಗೇ ಇರುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ಅತ್ತೆ, "ನನಗೂ ಹೆದರಿಕಿ ಆಗಿತ್ತು ಅಂತ ಹೇಳವಾ ಅವರಿಗೆ," ಎಂದು ನನಗೆ ಹೇಳಿದರು. ಮಾವ ಕೈಯಲ್ಲಿದ್ದ ತುತ್ತು ಉಂಡು ಮುಗಿಸಿದರು. ಆಮೇಲೆ, "ಇನ್ನೊಂದು ರೊಟ್ಟಿ ಹಾಕು," ಎಂದರು, ನನಗಲ್ಲ, ಅತ್ತೆಗೆ.

ನಕ್ಷೆ ಮುಗಿಯಿತು, ನಡುವೆ ತೂತಿಲ್ಲದೆ. ಶಶಿ ಪಾಸಾದಳು, ಸರ್ಕಾರಿ ನೌಕರಿ ಸಿಕ್ಕಿತು, ಮದುವೆಯಾಯಿತು. ಹುಡುಗ ಅವಳ ಹಾಗೆಯೇ ಕಲ್ಲು ಒಡೆಯುವವನು. ಮಾವ ಬದುಕಿರುವತನಕ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಹುಡುಗಿ ಗುಡ್ಡದ ಡಾಕ್ಟರ್," ಎಂದು ಹೇಳುತ್ತಿದ್ದರು. ಯಾರ ಹಟದಿಂದ ಎಂದು ಹೇಳುತ್ತಿರಲಿಲ್ಲ. ಅಷ್ಟನ್ನು ನಾವೂ ಕೇಳಲಿಲ್ಲ.

ಮಾವ ಹೋದ ಮೇಲೆ ನಾವು ಕೊಪ್ಪಳಕ್ಕೆ ಬಂದೆವು. ಒಂದು ಬೇಸಿಗೆ, ಶಶಿ ಕೆಲಸದ ಮೇಲೆ ಹಿಮಾಲಯದ ಕಡೆ ಇದ್ದಾಗ, ಅತ್ತೆಯನ್ನೂ ನನ್ನನ್ನೂ ಕರೆಸಿಕೊಂಡಳು. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಎದುರಿಗೆ ಹಿಮದ ಶಿಖರಗಳು. ಶಶಿ ನಮ್ಮನ್ನು ರಸ್ತೆಗಾಗಿ ಕಡಿದ ಒಂದು ದರೆಯ ಹತ್ತಿರ ನಿಲ್ಲಿಸಿದಳು. ಮಿಣಮಿಣ ಹಾಳೆಗಲ್ಲು, ಮಡಿಕೆಯ ಮೇಲೆ ಮಡಿಕೆ, ಒಳಗೆ ಕೆಂಪು ಕಾಳು.

"ಇದೂ ನಮ್ಮೂರ ಕಲ್ಲಿನಂಗಽ ಬೆಂದೈತಿ," ಎಂದರು ಅತ್ತೆ.

"ಹೌದು ಯವ್ವಾ. ನಮ್ಮ ನೆಲಾನಽ ಬಂದು ಈ ಕಡಿ ನೆಲಾ ಒತ್ತಾಕತ್ತೈತಿ. ಇದು ಇನ್ನೂ ಒಲಿ ಮ್ಯಾಲೆ ಐತಿ. ಇನ್ನೂ ಏಳಾಕತ್ತೈತಿ."

"ನಮ್ಮದೂ ಇಷ್ಟು ಎತ್ತರ ಇತ್ತೇನು?"

"ಎಷ್ಟಿತ್ತು ಅಂತ ಖಾತ್ರಿ ಯಾರಿಗೂ ಗೊತ್ತಿಲ್ಲ."

ಅತ್ತೆ ದರೆಯ ಕಲ್ಲಿನ ಮೇಲೆ ಅಂಗೈ ಇಟ್ಟರು. ಮೊದಲ ಬಾರಿ ಮನೆಗೆ ಬಂದ ಚಿಕ್ಕ ಹುಡುಗಿಯ ತಲೆ ಸವರುವಂತೆ ಸವರಿದರು. "ಸಾವಕಾಶ ಬೆಳಿಯವಾ," ಎಂದರು. "ಗಡಿಬಿಡಿ ಏನೈತಿ?"

ಹೋದ ತಿಂಗಳು ಅತ್ತೆ ಹುಟ್ಟಿದ ಹಳ್ಳಿಗೆ ಒಂದು ಮದುವೆಗೆ ಹೋಗಿದ್ದೆ. ಹನಮಗೌಡ್ರು ಇಲ್ಲ. ಬಾವಿಯೂ ಇಲ್ಲ, ಬೋರ್‌ವೆಲ್ ಬಂದ ಮೇಲೆ ಯಾರಿಗೂ ಬೇಡವಾಗಿ ಮಣ್ಣು ತುಂಬಿ ಮುಚ್ಚಿದ್ದಾರೆ, ಮೇಲೆ ಸಜ್ಜೆ ಬೆಳೆದಿದೆ. ಊಟಕ್ಕೂ ನಿಲ್ಲದೆ ಮನೆಗೆ ಬಂದೆ. ಶಶಿಗೆ ಹೇಳಲು ಮನಸ್ಸಾಗಿರಲಿಲ್ಲ. ಇವತ್ತು ಈ ವಾಸನೆ ಕುಡಿದ ಮೇಲೆ ತಡೆಯಲಾರದೆ ಫೋನ್ ಮಾಡಿ, ಯಂತ್ರದ ಸದ್ದಿಗೆ ಸ್ಪೀಕರ್ ಹಾಕಿಕೊಂಡು, ಹೇಳಿಬಿಟ್ಟೆ.

"ಇರ್ಲಿ ವೈನಿ," ಎಂದಳು. "ಅದು ಅಷ್ಟು ವರ್ಷ ಮುಚ್ಚಿಕೊಂಡಽ ಇತ್ತು. ನಮ್ಮ ಕಣ್ಣಿಗೆ ಒಂದೀಟು ತೆರೀತು. ಎಲ್ಲ್ಯಾರ ಬ್ಯಾರೆ ಕಡಿ ತೆರದಿರತೈತಿ, ಹುಡುಕೋಣಂತ." ಆಮೇಲೆ ಹೇಳಿದಳು: ಈ ಚಳಿಗಾಲ ಕಾಲೇಜಿನ ಹುಡುಗ ಹುಡುಗಿಯರನ್ನು ಅದೇ ಗುಡ್ಡಕ್ಕೆ ಕರೆತರುತ್ತಾಳಂತೆ. "ಕೌದಿ ಹಾಸಿ ಹೇಳೂದು ಈ ಸಲ ನೀವಽ ಮಾಡಬೇಕು. ನನ್ನ ಬಾಯಾಗ ಈಗ ಬರೇ ಪುಸ್ತಕದ ಮಾತು ಬರ್ತಾವು."

ನನ್ನ ಅರ್ಹತೆ ಏನು ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಹೂಂ ಅಂದುಬಿಟ್ಟೆ.

ಒಳಗಿನ ಕೋಣೆಯಲ್ಲಿ ಅತ್ತೆ ಮಲಗಿದ್ದಾರೆ. ಈಗ ಕಿವಿ ಮಂದ. ಆದರೆ ಕೇಳಬೇಕಾದದ್ದು ಕೇಳುತ್ತದೆ.

"ಹೇಳು, ಹೇಳು," ಎಂದರು ಅಲ್ಲಿಂದಲೇ. "ಆದ್ರ ಗುಡ್ಡಾ ಹತ್ತೂ ಮುಂದ ಊರವರಿಗೆ ಒಂದು ಮಾತು ಕೇಳ್ರಿ."

ಅದನ್ನು ಮೊದಲು ಹೇಳಿಕೊಡಬೇಕು ಆ ಹುಡುಗರಿಗೆ. ಸಮುದ್ರ, ಬೆಂಕಿ, ಮಡಿಕೆ ಎಲ್ಲ ಆಮೇಲೆ.